ಹುಲ್ಲಿಗಿಲ್ಲದ ಚೀಟಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಾಲಿನ ಡೈರಿಗಳಲ್ಲಿ ಬೆಳಿಗ್ಗೆ, ಸಂಜೆ ಪರೀಕ್ಷೆ ತಪ್ಪುವುದಿಲ್ಲ. ಕೊಬ್ಬು ಶೇ. 3.5, ಕೊಬ್ಬೇತರ ಘನಾಂಶ (ಎಸ್‌ಎನ್‌ಎಫ್) ಶೇ. 8.5 ಇರಬೇಕು; ಇಳಿದರೆ ದರವೂ ಇಳಿಯಿತು. ಮಣ್ಣಿಗೆ 2015ರಿಂದ ಆರೋಗ್ಯ ಕಾರ್ಡು ಉಂಟು. ದನದ ಕಿವಿಯಲ್ಲಿ 12 ಅಂಕಿಯ ಓಲೆ ಉಂಟು. ಮಣ್ಣಿಗೂ ಹಾಲಿಗೂ ನಡುವಿನ ಹುಲ್ಲಿಗೆ ಮಾತ್ರ ಕಣ್ಣಳತೆಯೇ ಪರೀಕ್ಷೆ. ಹಸಿರಾಗಿದ್ದರೆ ಪಾಸು.

ಹಸಿರು ಬಣ್ಣದಲ್ಲಿ ಪ್ರೋಟೀನು ಕಾಣುವುದಿಲ್ಲ. 20 ಕಿಲೋ ಹೈಬ್ರಿಡ್ ನೇಪಿಯರ್ ಹೊತ್ತು ತಂದರೆ ಅದರಲ್ಲಿ 16 ಕಿಲೋದಷ್ಟು ನೀರೇ. ಮಳೆಗಾಲದಲ್ಲಿ ಇನ್ನಷ್ಟು. ಉಳಿದ 4 ಕಿಲೋ ಒಣ ಅಂಶದಲ್ಲಿ, 45 ದಿನಕ್ಕೆ ಕೊಯ್ದ ಹುಲ್ಲಾದರೆ, ಪ್ರೋಟೀನು ಶೇ. 9ರ ಆಸುಪಾಸು. ಆಳು ಸಿಗಲಿಲ್ಲ, ಮಳೆ ಬಿಡಲಿಲ್ಲ ಎಂದು ಕಬ್ಬಿನಂತೆ ಬಲಿಯಲು ಬಿಟ್ಟರೆ ಶೇ. 5ಕ್ಕೂ ಇಳಿದೀತು. ನಷ್ಟ 160 ಗ್ರಾಂ. ಶೇ. 20 ಪ್ರೋಟೀನಿನ ಪಶು ಆಹಾರದಿಂದ ಅದನ್ನು ತುಂಬಲು 800 ಗ್ರಾಂ ಬೇಕು. ಒಂದು ದನಕ್ಕೆ, ಒಂದು ದಿನಕ್ಕೆ. ಚೀಲದ ಬೆಲೆ ಏರಿದ್ದಕ್ಕೆ ಪ್ರತಿಭಟನೆ ಆಗುತ್ತದೆ. ಹುಲ್ಲು ಬಲಿತದ್ದಕ್ಕೆ ಯಾರ ಮೇಲೆ ಪ್ರತಿಭಟನೆ?

ಬೆರಕೆಯೂ ಅಂದಾಜಿನದೇ. ನೇಪಿಯರಿಗೆ ಬೈಹುಲ್ಲು ಸೇರಿಸಿದರೆ ದನದ ಹೊಟ್ಟೆ ತುಂಬುತ್ತದೆ, ಕೊರತೆ ತುಂಬುವುದಿಲ್ಲ. ಬೈಹುಲ್ಲಿನ ಪ್ರೋಟೀನು ಶೇ. 4ರ ಗಡಿ ದಾಟುವುದು ಅಪರೂಪ. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ನಾರು ಕರಗಿಸಲು ಮೇವಿನಲ್ಲಿ ಶೇ. 7ರಷ್ಟಾದರೂ ಪ್ರೋಟೀನು ಬೇಕು. ನೇಪಿಯರ್, ಬೈಹುಲ್ಲು ಎರಡರಲ್ಲೂ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ. ಯಂತ್ರದಲ್ಲಿ ಕೊಯ್ದ ಬೈಹುಲ್ಲು ಅಕ್ಟೋಬರಿನ ಮಳೆಗೆ ಸಿಕ್ಕಿದರೆ ಬೂಷ್ಟು ಬೇರೆ. ಮೇವಿನ ಮೂರರಲ್ಲೊಂದು ಪಾಲು ದ್ವಿದಳ ಇರಲಿ ಎಂಬುದು ಹಳೆಯ ಸಲಹೆ. ಅದಕ್ಕಾಗಿ ಹೊಸ ಬೀಜ ಹುಡುಕಬೇಕಾಗಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಬೈಂದೂರಿನ ಕಡೆ ನೆಲಗಡಲೆ, ಬ್ರಹ್ಮಾವರದ ಕಡೆ ಉದ್ದು, ಅಲಸಂದೆ ಬೆಳೆದದ್ದೇ. ಕಾಯಿ ಬಿಡಿಸಿದ ನೆಲಗಡಲೆ ಬಳ್ಳಿಯಲ್ಲಿ ಬೈಹುಲ್ಲಿನ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನು, ಜೊತೆಗೆ ಕ್ಯಾಲ್ಸಿಯಂ. ಒಣಗಿಸಿ ಅಟ್ಟಕ್ಕೆ ಹಾಕಿದರೆ ಮಳೆಗಾಲಕ್ಕೂ ಬಂತು.

ಹುಲ್ಲಿನ ಪರೀಕ್ಷೆಗೆ ಸಂಸ್ಥೆಗಳಿಲ್ಲವೆಂದಲ್ಲ. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ. ಮಂಗಳೂರಿನಲ್ಲಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಹಾಲು ಒಕ್ಕೂಟವಿದೆ. ಪ್ರತಿ ಹಟ್ಟಿಯ ಹುಲ್ಲನ್ನೂ ಪರೀಕ್ಷಿಸಿ ಎಂದು ಕೇಳುತ್ತಿಲ್ಲ. ತಾಲೂಕಿಗೆ ಐದಾರು ಮಾದರಿ, ಹಂಗಾಮಿಗೊಮ್ಮೆ ಸಾಕು: ಎಂಒ-4 ಭತ್ತದ ಬೈಹುಲ್ಲು, 45 ದಿನದ ನೇಪಿಯರ್, 80 ದಿನದ ನೇಪಿಯರ್, ನೆಲಗಡಲೆ ಬಳ್ಳಿ, ಗುಡ್ಡೆಯ ಕರಡ. ಬಂದ ಅಂಕಿಗಳನ್ನು ಡೈರಿಯ ಗೋಡೆಯಲ್ಲಿ ಹಾಲಿನ ದರಪಟ್ಟಿಯ ಪಕ್ಕ ಅಂಟಿಸಲಿ. ಪಾಯಿಂಟಿಗೆ ಎಷ್ಟು ಪೈಸೆ ಎಂದು ಬಾಯಿಲೆಕ್ಕ ಹಾಕುವ ಹೈನುಗಾರರು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂಬುದನ್ನೂ ತಾವೇ ಲೆಕ್ಕ ಹಾಕಿಯಾರು. ಖರ್ಚು ದೊಡ್ಡದಲ್ಲ. ತೊಡಕು ಒಂದೇ. ಪಶು ಆಹಾರದ ಚೀಲ ಮಾರುವುದೂ ಅದೇ ಡೈರಿ.