ಹಿಮದಡಿ ಏನಿದೆ ಎಂದು ಕೇಳೋಣ



1960ರ ಹೊತ್ತಿಗೆ ಅಮೆರಿಕದ ಸೇನೆ ಗ್ರೀನ್‌ಲ್ಯಾಂಡಿನ ಹಿಮ ಕೊರೆದು ಒಳಗೆ ಒಂದು ಊರನ್ನೇ ಕಟ್ಟಿತು. ಹೆಸರು ಕ್ಯಾಂಪ್ ಸೆಂಚುರಿ. ಸುರಂಗಗಳಲ್ಲಿ ಮಲಗುವ ಕೋಣೆ, ಗ್ರಂಥಾಲಯ, ಪ್ರಾರ್ಥನಾ ಮಂದಿರ. ವಿದ್ಯುತ್ತಿಗೆ ಅಣು ರಿಯಾಕ್ಟರ್. ಸೇನೆ ಇದರ ಸಿನಿಮಾ ತೆಗೆದು ಜಗತ್ತಿಗೆ ತೋರಿಸಿತು, ಪತ್ರಕರ್ತರನ್ನು ಕರೆದೊಯ್ದಿತು. ಒಬ್ಬ ಅಮೆರಿಕನ್, ಒಬ್ಬ ಡೇನಿಶ್ ಸ್ಕೌಟ್ ಹುಡುಗನನ್ನೂ ಅಲ್ಲಿ ಉಳಿಸಿಕೊಂಡಿತು. ಎಲ್ಲರಿಗೂ ಹೇಳಿದ್ದು ಒಂದೇ: ಇದು ಸಂಶೋಧನಾ ಶಿಬಿರ.

ಶೀತಲ ಸಮರದ ಆ ದಿನಗಳಲ್ಲಿ ಕಡತದೊಳಗಿದ್ದ ಯೋಜನೆಯೇ ಬೇರೆ. ಅದಕ್ಕೆ ಐಸ್‌ವರ್ಮ್ ಎಂದು ಹೆಸರು. ಹಿಮದಡಿ ಸಾವಿರಾರು ಕಿಲೋಮೀಟರ್ ಸುರಂಗ, ಅದರಲ್ಲಿ ಸೋವಿಯತ್ ಒಕ್ಕೂಟದತ್ತ ಗುರಿಯಿಟ್ಟ 600 ಅಣು ಕ್ಷಿಪಣಿ! ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿಗೆ ಸೇರಿದ್ದು. ತನ್ನ ನೆಲದಲ್ಲಿ ಅಣ್ವಸ್ತ್ರ ಬೇಡವೆಂದು ಡೆನ್ಮಾರ್ಕ್ 1957ರಲ್ಲೇ ಸಾರಿತ್ತು. ಹಿಮ ಸರಿದು ಸುರಂಗಗಳು ಕುಗ್ಗಿದ್ದರಿಂದ ಕ್ಷಿಪಣಿಗಳು ಬರಲೇ ಇಲ್ಲ. 1967ರಲ್ಲಿ ಶಿಬಿರ ಮುಚ್ಚಿತು. ಡೇನಿಶ್ ಜನರಿಗೆ ಸತ್ಯ ತಿಳಿದದ್ದು 1990ರ ದಶಕದಲ್ಲಿ. ವಿಕಿರಣದ ತ್ಯಾಜ್ಯ ಇಂದಿಗೂ ಅಲ್ಲೇ ಹೂತಿದೆ.

ಅಲ್ಲಿ ವಿಜ್ಞಾನ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. 1966ರಲ್ಲಿ ಹಿಮದ ತಳ ಮುಟ್ಟುವವರೆಗೆ ಕೊರೆದು ತೆಗೆದ ಮಾದರಿಗಳು ಪುರಾತನ ಹವಾಮಾನದ ಚರಿತ್ರೆಯನ್ನು ತೆರೆದಿಟ್ಟವು. ಆ ಕೆಲಸ ನಿಜವಾಗಿದ್ದರಿಂದಲೇ ಅದರ ಮರೆಯಲ್ಲಿ ಕ್ಷಿಪಣಿಯ ಯೋಜನೆ ಅಷ್ಟು ಸುಲಭವಾಗಿ ಅಡಗಿತು.

ದಕ್ಷಿಣ ಧ್ರುವದ ಕಥೆ ಬೇರೆ. ಅದೇ ಶೀತಲ ಸಮರದ ನಡುವೆ, 1959ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸೇರಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಸೇನಾ ನೆಲೆ ಕೂಡದು. ಒಂದು ದೇಶದ ಕೇಂದ್ರವನ್ನು ಇನ್ನೊಂದು ದೇಶದ ವೀಕ್ಷಕರು ಯಾವಾಗ ಬೇಕಾದರೂ ಹೊಕ್ಕು ನೋಡಬಹುದು. ಸರ್ಕಾರದ ಮಾತನ್ನು ಕಣ್ಣಾರೆ ಪರೀಕ್ಷಿಸಲು ಅವಕಾಶವಿರುವುದರಿಂದಲೇ ಆ ಮಾತಿಗೆ ಅಲ್ಲಿ ಬೆಲೆಯಿದೆ. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್, ಅರ್ಜೆಂಟೀನಾ ಹೊಡೆದಾಡಿದವು. ಒಪ್ಪಂದದ ನೆಲಕ್ಕೆ ಆ ಯುದ್ಧ ಹಬ್ಬಲಿಲ್ಲ.

ಉತ್ತರದಲ್ಲಿ ಇಂಥ ನಿಯಮವಿಲ್ಲ. 2007ರಲ್ಲಿ ರಷ್ಯದವರು ಧ್ರುವದ ಸಮುದ್ರತಳದಲ್ಲಿ ಬಾವುಟ ನೆಟ್ಟು, ಕ್ಯಾಮೆರಾಗಳ ಮುಂದೆ ಮೆರೆದರು. 2022ರಲ್ಲಿ ಉಕ್ರೇನ್ ಮೇಲೆ ರಷ್ಯ ದಾಳಿ ಮಾಡಿದಾಗ ಉತ್ತರ ಧ್ರುವದ ಸುತ್ತಲ ದೇಶಗಳ ಕೂಟವಾದ ಆರ್ಕ್ಟಿಕ್ ಮಂಡಳಿಯಲ್ಲಿ ಉಳಿದ ಏಳು ದೇಶಗಳು ಕೆಲಸ ತಡೆಹಿಡಿದವು. ಆರ್ಕ್ಟಿಕ್ ಕರಾವಳಿಯ ಸುಮಾರು ಅರ್ಧ ರಷ್ಯದ್ದು. ಅಲ್ಲಿನ ಹಿಮದ, ನೆಲದ ಅಳತೆಗಳು ಹೊರಗಿನ ವಿಜ್ಞಾನಿಗಳ ಕೈತಪ್ಪಿದವು. 2025ರಲ್ಲಿ ಅಮೆರಿಕದ ಅಧ್ಯಕ್ಷರು ಭದ್ರತೆಯ ಹೆಸರು ಹೇಳಿ ಗ್ರೀನ್‌ಲ್ಯಾಂಡೇ ತಮಗೆ ಬೇಕೆಂದರು. ಅಲ್ಲಿ ಬಾಳುತ್ತಿರುವ ಇನೂಟ್ ಜನರನ್ನು ಕೇಳುವವರು ಯಾರು?

ಭಾರತ 2013ರಿಂದ ಆರ್ಕ್ಟಿಕ್ ಮಂಡಳಿಯ ವೀಕ್ಷಕ ರಾಷ್ಟ್ರ. ಉತ್ತರ ಧ್ರುವ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಹಾಗಾಗಿ ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕೂ ಹೊಣೆಯೂ ನಮಗಿದೆ. ಉತ್ತರ ಧ್ರುವದ ಪ್ರತಿ ಕೇಂದ್ರವೂ, ಹಿಮಾದ್ರಿಯೂ ಸೇರಿ, ಬೇರೆ ದೇಶಗಳ ವೀಕ್ಷಕರಿಗೆ ತೆರೆದಿರಲಿ. ಯುದ್ಧವಿದ್ದರೂ ಹವಾಮಾನದ ಅಳತೆಗಳ ವಿನಿಮಯ ನಿಲ್ಲದಿರಲಿ. ಭಾರತ ಇದನ್ನು ಮಂಡಳಿಯ ಮುಂದೆ ಬಾಯಿಬಿಟ್ಟು ಹೇಳಬೇಕೆಂದು ನಿಮ್ಮ ಸಂಸದರಿಗೆ ಇಂದೇ ಕಾಗದ ಬರೆಯಿರಿ. ಓದಿದ ಮೇಲೆ ಈ ಕರಪತ್ರವನ್ನು ಇನ್ನೊಬ್ಬರ ಕೈಗಿಡಿ.