ಕಾಲೇಜಿನಲ್ಲಿ ಎಲೆಕ್ಷನ್ ಇಲ್ಲ, ಪಾರ್ಟಿ ಮಾತ್ರ ಇದೆ!

ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ಬೆಳೆಯಬೇಕಾದರೆ ತುಂಗಭದ್ರೆಯ ನೀರು ಬೇಕು. ನಾಯಕರ ಫ್ಲೆಕ್ಸ್‌ಗೆ ನೀರೂ ಬೇಡ, ಗೊಬ್ಬರವೂ ಬೇಡ. ವರ್ಷವಿಡೀ ಒಳ್ಳೆಯ ಬೆಳೆ!

ಜನಪ್ರಿಯತೆ ಅಂದರೇನೆಂದು ಬಳ್ಳಾರಿ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 1999ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಸೋನಿಯಾ ಗಾಂಧಿಯವರಿಗೆ ಸುಷ್ಮಾ ಸ್ವರಾಜ್ ಎದುರಾಳಿ. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56 ಸಾವಿರ ಮತಗಳ ಅಂತರದಲ್ಲಿ ಗೆದ್ದು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಸೋತ ಸುಷ್ಮಾ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದು ಹೋದರು. ಜೈಕಾರ ಹಾಕಿದ ಬಳ್ಳಾರಿಗೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿದ್ದು 2010ರಲ್ಲಿ!

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1989ರಲ್ಲಿ ನಿಂತಿತು. ಹೊಡೆದಾಟ ಜಾಸ್ತಿಯಾಯಿತು ಎಂಬುದು ಕಾರಣ. ಚುನಾವಣೆ ಹೋಯಿತು ಸರಿ, ಪಾರ್ಟಿ ಹೋಯಿತಾ? ವಿಶ್ವವಿದ್ಯಾಲಯದ ಸಿಂಡಿಕೇಟಿಗೆ ಸರ್ಕಾರವೇ ಸದಸ್ಯರನ್ನು ನಾಮನಿರ್ದೇಶನ ಮಾಡುತ್ತದೆ. ಸರ್ಕಾರ ಬದಲಾದರೆ ಆ ಕುರ್ಚಿಗಳಲ್ಲಿ ಕೂರುವವರೂ ಬದಲಾಗುವುದು ವಾಡಿಕೆ. ಅಂದರೆ ಮಕ್ಕಳಿಗೆ ಮುಂಬಾಗಿಲು ಮುಚ್ಚಿದೆ, ಪಾರ್ಟಿಗಳಿಗೆ ಹಿತ್ತಿಲ ಬಾಗಿಲು ತೆರೆದೇ ಇದೆ.

ಈಗ ಮತ್ತೆ ಕಾಲೇಜು ಚುನಾವಣೆಯ ಮಾತು ಕೇಳಿಬರುತ್ತಿದೆ. ಬರಲಿ. ಆದರೆ ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿಕೊಂಡ ಲಿಂಗ್ಡೋ ಸಮಿತಿಯ ನಿಯಮಗಳೂ ಜೊತೆಗೇ ಬರಲಿ. ಅಭ್ಯರ್ಥಿಗೆ ಶೇ. 75 ಹಾಜರಾತಿ ಇರಬೇಕು. ಖರ್ಚು 5,000 ರೂಪಾಯಿ ಮೀರಬಾರದು. ಪೋಸ್ಟರ್ ಅಚ್ಚು ಹಾಕಿಸುವಂತಿಲ್ಲ, ಕೈಯಲ್ಲೇ ಬರೆಯಬೇಕು. ರಾಜಕೀಯ ಪಕ್ಷಗಳ ಹಣವಂತೂ ಬೇಡವೇ ಬೇಡ. ನಮ್ಮ ನಾಯಕರಿಗೆ ಐದು ಸಾವಿರದಲ್ಲಿ ಒಂದು ಕಟೌಟ್ ಆದರೂ ನಿಲ್ಲಿಸಲಿಕ್ಕೆ ಆಗ್ತದಾ?

ಮಂಗಳೂರು ಕಡೆಯವರಿಗೆ ಇದು ದೂರದ ಊರಿನ ಕಥೆ ಅನ್ನಿಸಬಹುದು. ಆದರೆ ಪಾರ್ಟಿಯ ಹೆಸರಲ್ಲಿ ಕಾಲೇಜಿನ ಗೇಟಿನಲ್ಲಿ ಗಲಾಟೆಯಾದರೆ ಎಲ್ಲ ಊರಲ್ಲೂ ಕಥೆ ಒಂದೇ. ನಾಯಕರು ಮೈಕ್ ಮುಂದೆ ಖಂಡಿಸುತ್ತಾರೆ. ಕೇಸು ಬೀಳುವುದು ಹುಡುಗನ ಮೇಲೆ. ನಾಳೆ ಪಾಸ್‌ಪೋರ್ಟಿಗೋ ಗಲ್ಫ್ ಕೆಲಸಕ್ಕೋ ಪೊಲೀಸ್ ಸರ್ಟಿಫಿಕೇಟ್ ಕೇಳಿದಾಗ ಯಾವ ಪಾರ್ಟಿಯೂ ಸಹಿ ಹಾಕಲಿಕ್ಕೆ ಬರುವುದಿಲ್ಲ. ಠಾಣೆಗೆ ಅಲೆಯುವುದು ಬಡಪಾಯಿ ಬಾಪ.

ಹಾಗಂತ ಮಕ್ಕಳು ರಾಜಕೀಯ ಮಾತಾಡಬಾರದು ಅಂತಲ್ಲ. ಮಾತಾಡಲಿ, ಪ್ರಶ್ನೆ ಕೇಳಲಿ. ಹಾಸ್ಟೆಲ್ ಊಟ, ಬಸ್ಸು, ತಡವಾಗುವ ಫಲಿತಾಂಶ, ಖಾಲಿ ಬಿದ್ದ ಉಪನ್ಯಾಸಕರ ಹುದ್ದೆ, ಇದೆಲ್ಲ ರಾಜಕೀಯವೇ ಅಲ್ವಾ? ಇದನ್ನು ಕೇಳುವವನಿಗೆ ಯಾವ ಪಾರ್ಟಿಯೂ ಶಾಲು ಹೊದೆಸುವುದಿಲ್ಲ, ಅಷ್ಟೇ.

ಮನೆಗೆ ಬಂದ ಮಗನನ್ನು ಯಾವ ನಾಯಕನ ಅಭಿಮಾನಿ ಅಂತ ಕೇಳಬೇಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕಿದೆಯಾ ಅಂತ ಕೇಳಿ. ಅದಕ್ಕೆ ಕೊನೇ ದಿನಾಂಕ ಇರುತ್ತದೆ, ಫ್ಲೆಕ್ಸ್‌ಗಾದರೆ ಇರುವುದಿಲ್ಲ.