ಡ್ರಾಫ್ಟ್‌ನಲ್ಲಿ ಆಯ್ಕೆಯಾಗದಿದ್ದರೆ ಎನ್‌ಎಫ್‌ಎಲ್ ಬಾಗಿಲು ಮುಚ್ಚಿದಂತೆಯೇ?

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಬಗ್ಗೆ ಎರಡು ಮಾತುಗಳನ್ನು ನಾವು ಕೇಳುತ್ತೇವೆ. ಒಂದು, ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ದರೆ ಕಥೆ ಮುಗಿಯಿತು. ಇನ್ನೊಂದು, ತಂಡವೊಂದು ಸಹಿ ಹಾಕಿಸಿಕೊಂಡರೆ ಕೋಟಿಗಟ್ಟಲೆ ಹಣ ಖಚಿತ. ಎರಡೂ ಪೂರ್ತಿ ನಿಜವಲ್ಲ.

ಡ್ರಾಫ್ಟ್ ಎಂದರೆ 32 ತಂಡಗಳು ವರ್ಷಕ್ಕೊಮ್ಮೆ, ಏಳು ಸುತ್ತುಗಳಲ್ಲಿ, ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ. ಅಲ್ಲಿ ಆಯ್ಕೆಯಾಗದವರು ಯಾವ ತಂಡದೊಂದಿಗಾದರೂ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಇದಲ್ಲದೆ ವಿದೇಶಿ ಆಟಗಾರರನ್ನು ತಯಾರು ಮಾಡಲು 2017ರಿಂದ ಲೀಗ್‌ನದೇ ವಿಶೇಷ ಯೋಜನೆಯಿದೆ.

ನಿಜವಾದ ಕಷ್ಟ ಶುರುವಾಗುವುದು ಸಹಿ ಹಾಕಿದ ಮೇಲೆ. ಬೇಸಿಗೆ ಶಿಬಿರದಲ್ಲಿ ಒಂದು ತಂಡಕ್ಕೆ ಸುಮಾರು 90 ಮಂದಿ. ಸೀಸನ್ ಆರಂಭಕ್ಕೆ ಉಳಿಯುವುದು 53 ಮಂದಿ. ಹೊರಬಿದ್ದ ಕೆಲವರಿಗೆ ಮಾತ್ರ, ಕಡಿಮೆ ಸಂಬಳಕ್ಕೆ, ಅಭ್ಯಾಸ ತಂಡದಲ್ಲಿ ಜಾಗ ಸಿಗುತ್ತದೆ. ಒಪ್ಪಂದದ ಪೂರ್ತಿ ಮೊತ್ತ ಬಹುತೇಕ ತಂಡದಲ್ಲಿ ಉಳಿದವರಿಗಷ್ಟೇ.

ನೈಜೀರಿಯಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದ ಎಫೆ ಒಬಾಡಾ 2015ರಲ್ಲಿ ಡಲ್ಲಾಸ್ ಕೌಬಾಯ್ಸ್ ಸೇರಿದರು. ಮೂರು ತಂಡಗಳು ಕೈಬಿಟ್ಟ ಮೇಲೆ ಈ ಯೋಜನೆಯ ಮೂಲಕ ಕೆರೊಲಿನಾ ಪ್ಯಾಂಥರ್ಸ್‌ಗೆ ಬಂದು, 2018ರಲ್ಲಿ 53ರ ಪಟ್ಟಿಗೇರಿದರು. ವೇಲ್ಸ್‌ನ ರಗ್ಬಿ ತಾರೆ ಲೂಯಿ ರೀಸ್-ಜಾಮಿಟ್ 2024ರಲ್ಲಿ ಅದೇ ದಾರಿ ಹಿಡಿದರು. ಲೀಗ್‌ನ ಒಂದೂ ಪಂದ್ಯ ಆಡಲಾಗದೆ ಮರುವರ್ಷ ರಗ್ಬಿಗೆ ಮರಳಿದರು.

ಹಾಗಾಗಿ ಯಾರೋ ‘ಎನ್‌ಎಫ್‌ಎಲ್‌ಗೆ ಸಹಿ ಹಾಕಿದರು’ ಎಂಬ ಫಾರ್ವರ್ಡ್ ಬಂದರೆ, ಮುಂದಕ್ಕೆ ಕಳಿಸುವ ಮೊದಲು ನೋಡೋಣ: 53ರಲ್ಲಿ ಹೆಸರಿದೆಯೇ? ಅಲ್ಲಿಯವರೆಗೆ ಅದು ಪರೀಕ್ಷೆಗೆ ಕೂರಲು ಅವಕಾಶ ಸಿಕ್ಕ ಸುದ್ದಿಯಷ್ಟೇ.